ಪ್ಯಾನಲ್ ಪಿಸಿಗೆ ಕರೆಂಟ್ ಎಲ್ಲಿಂದ? ಅಡಾಪ್ಟರ್, ಮಷೀನಿನ 24 ವೋಲ್ಟ್, ಯುಪಿಎಸ್, ಪಿಓಇ: ಯಾರಿಗೆ ಯಾವುದು

ಕಾರ್ಖಾನೆಗೆ ಪ್ಯಾನಲ್ ಪಿಸಿ (ಸ್ಕ್ರೀನಿನ ಬೆನ್ನಿಗೇ ಕಂಪ್ಯೂಟರ್ ಇರುವ ಪೆಟ್ಟಿಗೆ) ಕೊಳ್ಳುವವರು ಮೊದಲು ಫೋನ್ ಮಾಡಿ ಕೇಳುವುದು ಸ್ಕ್ರೀನ್ ಎಷ್ಟು ಇಂಚು, ಪ್ರೊಸೆಸರ್ ಯಾವುದು ಎಂದು. ಎರಡನೇ ಫೋನ್ ಆರು ತಿಂಗಳ ಮೇಲೆ ಬರುತ್ತದೆ. “ಸಾರ್, ಇದು ತಾನಾಗೇ ಆಫ್ ಆಗ್ತಾ ಇದೆ. ವಿಂಡೋಸ್ ಎರಡು ಸಲ ಹಾಕಿಸಿದ್ವಿ, ಮತ್ತೆ ಅದೇ ಕಥೆ.” ಅದಕ್ಕೆ ಕರೆಂಟ್ ಎಲ್ಲಿಂದ ಕೊಟ್ಟಿದ್ದೀರಿ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, “ವೈರ್‌ಮನ್ ಕೊಟ್ಟಿದಾನೆ.”

ಪೀಣ್ಯದ ಒಂದು ಪ್ರೆಸ್ ಶಾಪ್‌ನಲ್ಲಿ ಹೀಗೇ ಆಗಿತ್ತು. ಹೈಡ್ರಾಲಿಕ್ ಪ್ರೆಸ್ ಮೇಲೆ ಹದಿನೈದು ಇಂಚಿನ ಪ್ಯಾನಲ್ ಪಿಸಿ. ದಿನಕ್ಕೆ ಮೂರು-ನಾಲ್ಕು ಸಲ ರೀಸ್ಟಾರ್ಟ್. ಮಾಲೀಕರು ರ‍್ಯಾಮ್ ಬದಲಿಸಿದ್ದರು, ಎಸ್‌ಎಸ್‌ಡಿ ಬದಲಿಸಿದ್ದರು, ಕೊನೆಗೆ ಕಂಪ್ಯೂಟರೇ ಸರಿಯಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದರು. ನಾನು ಪಿಸಿಯ ಟರ್ಮಿನಲ್‌ಗೆ ಮೀಟರ್ ಹಚ್ಚಿ, ಮಿನ್-ಮ್ಯಾಕ್ಸ್ ಗುಂಡಿ ಒತ್ತಿ, ಒಂದು ಲೋಟ ಟೀ ಕುಡಿದು ಬಂದೆ. ಮ್ಯಾಕ್ಸ್ 24.1, ಮಿನ್ 17.3. ಮಷೀನಿನ ಪ್ಯಾನಲ್ ಬೋರ್ಡ್ (ವೈರಿಂಗ್ ಪೆಟ್ಟಿಗೆ) ಒಳಗೆ ಇದ್ದದ್ದು 5 ಆಂಪಿಯರ್‌ನ ಒಂದೇ ಎಸ್‌ಎಂಪಿಎಸ್, ಅಂದರೆ ಮೇನ್ ಕರೆಂಟನ್ನು 24 ವೋಲ್ಟ್‌ಗೆ ಇಳಿಸುವ ಸಪ್ಲೈ. ಪಿಎಲ್‌ಸಿ (ಮಷೀನನ್ನು ನಡೆಸುವ ಕಂಟ್ರೋಲರ್), ಸೆನ್ಸರ್‌ಗಳು, ರಿಲೇಗಳು, ಹೈಡ್ರಾಲಿಕ್ ವಾಲ್ವ್‌ಗಳು ಎಲ್ಲವೂ ಅದರ ಮೇಲೆ. ಒಂದೊಂದು ವಾಲ್ವ್ ಕಾಯಿಲ್ ಸುಮಾರು 30 ವಾಟ್, ಅಂದರೆ 1.25 ಆಂಪಿಯರ್. ಮೂರು ಒಟ್ಟಿಗೆ ಎಳೆದರೆ ಅಲ್ಲಿಗೇ ಪೌಣೆ ನಾಲ್ಕು ಆಂಪಿಯರ್. ಆ ಗಳಿಗೆಯಲ್ಲಿ ಪಿಸಿಗೆ ಉಳಿದದ್ದು ಎಂಜಲು. ಅದರ ಹಿಂಬದಿ ಸ್ಟಿಕ್ಕರ್ ಹೇಳುತ್ತಿದ್ದದ್ದು 24 ವೋಲ್ಟ್, ಆಚೀಚೆ ಶೇ 20. ಅಂದರೆ 19.2ಕ್ಕಿಂತ ಕೆಳಗೆ ಇಳಿದರೆ ಅದರ ಹೊಣೆ ಅದಕ್ಕಿಲ್ಲ.

ಹಾಗಾಗಿ ಆಯ್ಕೆಗಳಿಗೆ ಹೋಗುವ ಮೊದಲು ಅಳೆಯುವ ಕೋಲು ಯಾವುದು ಎಂದು ನೋಡೋಣ.

ಮೊದಲು ಇವನ್ನು ನೋಡಿಕೊಳ್ಳಿ

ಒಂದು, ಹಿಂಬದಿಯ ಸ್ಟಿಕ್ಕರ್. ಕೆಲವು ಪ್ಯಾನಲ್ ಪಿಸಿಗಳು 12 ವೋಲ್ಟ್ ಮಾತ್ರ ತಿನ್ನುತ್ತವೆ. ಕೆಲವು 24. ಒಳ್ಳೆಯವು 9ರಿಂದ 36 ವೋಲ್ಟ್‌ವರೆಗೆ ಏನು ಕೊಟ್ಟರೂ ತೆಗೆದುಕೊಳ್ಳುತ್ತವೆ. ಇನ್ನೂ ಕೊಂಡಿಲ್ಲವಾದರೆ ಹೆಚ್ಚು ರ‍್ಯಾಮ್‌ಗೆ ಕೊಡುವ ದುಡ್ಡನ್ನು ಈ 9–36ಕ್ಕೆ ಕೊಡಿ. ಮೇಲೆ ಹೇಳಿದ ಪ್ರೆಸ್‌ನಲ್ಲಿ ಅಂಥದ್ದು ಇದ್ದಿದ್ದರೆ 17 ವೋಲ್ಟ್‌ನಲ್ಲೂ ಕಣ್ಣು ಮಿಟುಕಿಸುತ್ತಿರಲಿಲ್ಲ.

ಎರಡು, ವಾಟ್. ಫ್ಯಾನ್ ಇಲ್ಲದ ಸಾಧಾರಣ ಪ್ರೊಸೆಸರ್‌ನವು ಸಾಮಾನ್ಯವಾಗಿ 20ರಿಂದ 40 ವಾಟ್ ಎಳೆಯುತ್ತವೆ. ಐ5, ಐ7 ಇರುವವು 60 ದಾಟುವುದೂ ಉಂಟು. ಸ್ಟಿಕ್ಕರ್‌ನಲ್ಲಿ ಇರುವುದರ ಒಂದೂವರೆ ಪಟ್ಟು ಕೊಡಬಲ್ಲ ಸಪ್ಲೈ ಇಟ್ಟುಕೊಳ್ಳಿ. ಆನ್ ಆಗುವ ಕ್ಷಣದಲ್ಲಿ ಒಮ್ಮೆಲೇ ಎಳೆಯುವುದು ಬೇರೆ, ಬೇಸಿಗೆಯಲ್ಲಿ ಎಸ್‌ಎಂಪಿಎಸ್‌ನ ಶಕ್ತಿ ಕುಗ್ಗುವುದು ಬೇರೆ.

ಮೂರನೆಯದು ದೊಡ್ಡದು: ಕರೆಂಟ್ ಹೋದಾಗ ಇದು ಹೇಗೆ ಸಾಯಬೇಕು? ಎಚ್‌ಎಂಐ (ಮಷೀನಿಗೆ ಆದೇಶ ಕೊಡುವ ಸಾದಾ ಸ್ಕ್ರೀನ್) ಸತ್ತರೆ ಮತ್ತೆ ಎದ್ದೇಳುತ್ತದೆ. ಪ್ಯಾನಲ್ ಪಿಸಿ ನೋಡಲು ಅದರ ಅಣ್ಣನ ಹಾಗಿದ್ದರೂ ಒಳಗೆ ಇರುವುದು ವಿಂಡೋಸ್. ಡಿಸ್ಕ್‌ಗೆ ಬರೆಯುತ್ತಿರುವಾಗ ಕರೆಂಟ್ ಕಿತ್ತರೆ ಫೈಲ್ ಕೆಡುತ್ತದೆ. ಪ್ರತಿ ಸಲ ಅಲ್ಲ; ನಲವತ್ತು ಸಲ ಏನೂ ಆಗದೆ ನಲವತ್ತೊಂದನೇ ಸಲ ಕೆಡುತ್ತದೆ. ಅದಕ್ಕೇ ಜನ ಇದನ್ನು ನಂಬುವುದಿಲ್ಲ.

ಉಳಿದಂತೆ, ಆ ತಂತಿಯಲ್ಲಿ ಇನ್ನು ಯಾರೆಲ್ಲ ಪಾಲುದಾರರಿದ್ದಾರೆ, ಎಷ್ಟು ದೂರ, ಎಷ್ಟು ಬಿಸಿ, ಯಾರ ಕೈಗೆ ಸಿಗುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಈಗ ಒಂದೊಂದೇ ನೋಡೋಣ.

ಡಬ್ಬದಲ್ಲಿ ಬಂದ ಅಡಾಪ್ಟರ್

ಖರ್ಚಿಲ್ಲ. ಸ್ಟೋರ್ಸ್‌ನಲ್ಲಿ ಬಾರ್‌ಕೋಡ್ ಓದಲು, ಕ್ಯೂಸಿ ರೂಮಿನಲ್ಲಿ ಅಳತೆ ಬರೆದುಕೊಳ್ಳಲು, ತೂಕದ ಮೇಜಿನ ಮೇಲೆ ಇಡಲು ಇಷ್ಟು ಸಾಕು. ಅಲ್ಲಿ ಇದನ್ನು ಬಿಟ್ಟು ಬೇರೇನಾದರೂ ಕೊಳ್ಳಿರಿ ಎಂದರೆ ನಾನು ನಿಮ್ಮ ದುಡ್ಡು ಹಾಳು ಮಾಡಿದ ಹಾಗೆ.

ಮಷೀನಿನ ಮೇಲೆ ಬೇಡ. ಮೊದಲ ಕಾರಣ ಆ ದುಂಡು ಪಿನ್. 12 ವೋಲ್ಟ್‌ನದೂ ಅದೇ ಗಾತ್ರ, 24ರದ್ದೂ ಅದೇ ಗಾತ್ರ. ನಾನು ವೈರಿಂಗ್ ಮಾಡಿಕೊಟ್ಟಿದ್ದ ಒಂದು ಕಡೆ ರಾತ್ರಿ ಶಿಫ್ಟಿನ ಹುಡುಗ ಅಡಾಪ್ಟರ್ ಕೆಟ್ಟಿದೆ ಎಂದು ಪಕ್ಕದ ಲೇಬಲ್ ಪ್ರಿಂಟರ್‌ನ 24 ವೋಲ್ಟ್ ಅಡಾಪ್ಟರ್ ತಂದು 12 ವೋಲ್ಟ್ ಪಿಸಿಗೆ ಚುಚ್ಚಿದ. ಪಿನ್ ಸಲೀಸಾಗಿ ಕೂತಿತು. ಬೆಳಿಗ್ಗೆ ನಾನು ಹೋದಾಗಲೂ ಆ ಸುಟ್ಟ ವಾಸನೆ ಇತ್ತು. ಹುಡುಗನದೇನು ತಪ್ಪು? ಅಡಾಪ್ಟರ್ ಮೇಲೆ ದೊಡ್ಡದಾಗಿ ‘12’ ಎಂದು ಮಾರ್ಕರ್‌ನಲ್ಲಿ ಬರೆಯದೆ ಬಂದಿದ್ದವನು ನಾನು.

ಎರಡನೆಯದು ಅರ್ಥಿಂಗ್. ಎರಡು ಪಿನ್‌ನ ಅಡಾಪ್ಟರ್ ಹಾಕಿದ ಪಿಸಿಯ ಮೈ ಮುಟ್ಟಿದರೆ ಬೆರಳಿನ ಹಿಂಬದಿಗೆ ಜುಮ್ಮೆನ್ನುತ್ತದಲ್ಲ, ಆ ಸೋರಿಕೆ ಮನುಷ್ಯನಿಗೆ ಕಚಗುಳಿ. ಅದೇ ಪಿಸಿಯಿಂದ ಮಷೀನಿಗೆ ಸೀರಿಯಲ್ ಕೇಬಲ್ ಎಳೆದರೆ ಪೋರ್ಟಿಗೆ ಪ್ರಾಣಸಂಕಟ. ಅಡಾಪ್ಟರ್ ಗೋಡೆಯ ಪ್ಲಗ್‌ನಲ್ಲಿ, ಮಷೀನ್ ತನ್ನದೇ ಅರ್ಥ್‌ನಲ್ಲಿ ಇರುವಾಗ ಎರಡರ ನಡುವಿನ ವ್ಯತ್ಯಾಸವೆಲ್ಲ ಆ ತೆಳು ಕೇಬಲ್ ಮೂಲಕವೇ ಹರಿಯುತ್ತದೆ. ಅಡಾಪ್ಟರ್ ಬಿಟ್ಟು ಗತಿಯಿಲ್ಲವೆಂದರೆ ಮೂರು ಪಿನ್‌ನದೇ ಇರಲಿ, ಮಷೀನ್ ಜೊತೆ ಮಾತು ಈಥರ್ನೆಟ್‌ನಲ್ಲಿ ಆಗಲಿ. ಈಥರ್ನೆಟ್ ಪೋರ್ಟ್ ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಎರಡು ಕಡೆಗೂ ನೇರ ಸಂಪರ್ಕ ಇರುವುದಿಲ್ಲ.

ಮಷೀನಿನಲ್ಲೇ ಇರುವ 24 ವೋಲ್ಟ್

ವೈರ್‌ಮನ್‌ಗಳ ಅಚ್ಚುಮೆಚ್ಚು ಇದು. ಹತ್ತಿರದಲ್ಲೇ ಇದೆ, ಎರಡು ತಂತಿ ಎಳೆದರೆ ಮುಗಿಯಿತು. ಪಿಎಲ್‌ಸಿ ಮತ್ತು ನಾಲ್ಕಾರು ಸೆನ್ಸರ್ ಮಾತ್ರ ಇರುವ ಪ್ಯಾಕಿಂಗ್ ಮಷೀನ್, ಕನ್ವೇಯರ್ ಇಂಥವುಗಳಲ್ಲಿ, ಎಸ್‌ಎಂಪಿಎಸ್‌ನ ಅರ್ಧ ಶಕ್ತಿ ಖಾಲಿ ಇದ್ದರೆ, ಧಾರಾಳವಾಗಿ ತೆಗೆದುಕೊಳ್ಳಿ. ಪಿಸಿಗೆ ಬೇರೆ ಫ್ಯೂಸ್ ಅಥವಾ ಎಂಸಿಬಿ ಒಂದು ಇರಲಿ. ಇಲ್ಲದಿದ್ದರೆ ಎಲ್ಲೋ ಒಂದು ಸೆನ್ಸರ್ ಕೇಬಲ್ ಸಿಪ್ಪೆ ಸುಲಿದು ಶಾರ್ಟ್ ಆದರೂ ಕಂಪ್ಯೂಟರ್ ಸಾಯುತ್ತದೆ.

ವಾಲ್ವ್, ಬ್ರೇಕ್ ಕಾಯಿಲ್, ದೊಡ್ಡ ಕಂಟ್ಯಾಕ್ಟರ್ (ಮೋಟರ್ ಆನ್-ಆಫ್ ಮಾಡುವ ಸ್ವಿಚ್) ಇದ್ದರೆ ಬೇಡವೇ ಬೇಡ. ಅವು ಎಳೆಯುವಾಗ ವೋಲ್ಟೇಜ್ ಕುಸಿಯುತ್ತದೆ, ಬಿಡುವಾಗ ಕಾಯಿಲ್ ಒಳಗಿನ ಶಕ್ತಿ ತಿರುಗಿ ಒದೆಯುತ್ತದೆ. ಕಾಯಿಲ್‌ಗೆ ಅಡ್ಡಲಾಗಿ ಡಯೋಡ್ ಹಾಕಿದರೆ ಒದೆತ ತಗ್ಗುತ್ತದೆ. ಕುಸಿತಕ್ಕೆ ಡಯೋಡ್ ಮದ್ದಲ್ಲ.

ಪಿಸಿಗೇ ಒಂದು ಎಸ್‌ಎಂಪಿಎಸ್

ನನ್ನನ್ನು ಕೇಳಿದರೆ ಮುಕ್ಕಾಲು ಪಾಲು ಜಾಗಗಳಿಗೆ ಇದೇ ಸಾಕು. ಬೋರ್ಡ್ ಒಳಗಿನ ಡಿನ್ ರೈಲ್ ಎಂಬ ಲೋಹದ ಪಟ್ಟಿಯ ಮೇಲೆ ಕೂರುವ 60 ವಾಟ್‌ನ 24 ವೋಲ್ಟ್ ಸಪ್ಲೈ ಎರಡು-ಮೂರು ಸಾವಿರದೊಳಗೆ ಸಿಗುತ್ತದೆ. ಪೀಣ್ಯದ ಆ ಪ್ರೆಸ್‌ಗೆ ಹಾಕಿದ್ದೂ ಅದನ್ನೇ. ರೀಸ್ಟಾರ್ಟ್ ಅಂದೇ ನಿಂತಿತು. ಅಷ್ಟರೊಳಗೆ ಮಾಲೀಕರು ರ‍್ಯಾಮ್, ಎಸ್‌ಎಸ್‌ಡಿ, ವಿಂಡೋಸ್ ಎಂದು ಅದರ ನಾಲ್ಕು ಪಟ್ಟು ಸುರಿದಿದ್ದರು.

ಹಾಕುವಾಗ ಜಾಗ ನೋಡಿ ಹಾಕಿ. ಡ್ರೈವ್‌ನ (ಮೋಟರ್ ವೇಗ ಹಿಡಿತದಲ್ಲಿಡುವ ಪೆಟ್ಟಿಗೆ) ನೆತ್ತಿಯ ಮೇಲೆ ಕೂರಿಸಿದರೆ ಕೆಳಗಿನಿಂದ ಬಿಸಿಗಾಳಿ ಹೊಡೆಯುತ್ತಲೇ ಇರುತ್ತದೆ. ಎಸ್‌ಎಂಪಿಎಸ್ ಒಳಗಿನ ಕೆಪ್ಯಾಸಿಟರ್‌ಗಳ ಆಯುಷ್ಯ ಹತ್ತು ಡಿಗ್ರಿ ಬಿಸಿ ಹೆಚ್ಚಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್‌ನಲ್ಲಿ ಹೊರಗೇ 42 ಡಿಗ್ರಿ ಇರುವಾಗ ಮುಚ್ಚಿದ ಪ್ಯಾನಲ್ ಬೋರ್ಡ್ ಒಳಗೆ ಎಷ್ಟಿರಬಹುದು ನೀವೇ ಲೆಕ್ಕ ಹಾಕಿ.

ದೂರದ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪ್ಯಾನಲ್ ಬೋರ್ಡ್‌ನಿಂದ ಪಿಸಿ 20 ಮೀಟರ್ ಆಚೆ ಇದೆ ಎಂದಿಟ್ಟುಕೊಳ್ಳಿ. ಹೋಗಿ ಬರಲು 40 ಮೀಟರ್ ತಂತಿ. 0.75 ಚದರ ಮಿಲಿಮೀಟರ್‌ನದಾದರೆ ಅದರ ರೆಸಿಸ್ಟೆನ್ಸ್ ಸುಮಾರು 1 ಓಮ್. 40 ವಾಟ್‌ನ ಪಿಸಿ 24 ವೋಲ್ಟ್‌ನಲ್ಲಿ 1.7 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಹೋಗುವುದು 1.7 ವೋಲ್ಟ್, ಉಳಿಯುವುದು 22ರ ಮೇಲೆ. ತೊಂದರೆಯಿಲ್ಲ. ಅದೇ 12 ವೋಲ್ಟ್ ಪಿಸಿಯಾದರೆ 3.3 ಆಂಪಿಯರ್, ದಾರಿಯಲ್ಲೇ 3.3 ವೋಲ್ಟ್ ಮಾಯ, ತಲುಪುವುದು 9ಕ್ಕೂ ಕಡಿಮೆ. ಪಿಸಿ ಏಳುವುದೇ ಇಲ್ಲ. 12 ವೋಲ್ಟ್‌ನದು ಮೇಜಿಗೆ, 24ರದ್ದು ಮಷೀನಿಗೆ ಎಂದು ನಾನು ಹೇಳುವುದು ಇದಕ್ಕೇ. ಈಗಾಗಲೇ 12ರದ್ದನ್ನು ಕೊಂಡಾಗಿದ್ದರೆ 24 ವೋಲ್ಟನ್ನೇ ಪಿಸಿಯ ಬುಡದವರೆಗೆ ಒಯ್ದು ಅಲ್ಲಿ ಕನ್ವರ್ಟರ್ ಹಾಕಿ ಇಳಿಸಿ.

ಈ ಆಯ್ಕೆಯ ಕೊರತೆ ಒಂದೇ. ಎಸ್‌ಎಂಪಿಎಸ್ ತಾನಾಗಿ ತಡೆಹಿಡಿಯುವುದು ಸುಮಾರು 20 ಮಿಲಿಸೆಕೆಂಡ್, ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತು. ಲೈಟ್ ಮಿಣುಕಿದರೆ ದಾಟಿಸುತ್ತದೆ, ಹೋಗಿಯೇಬಿಟ್ಟರೆ ಇಲ್ಲ.

ಆಫೀಸಿನ ಯುಪಿಎಸ್ ತಂದಿಟ್ಟರೆ?

600 ವಿಎ ಯುಪಿಎಸ್ ಮೂರು-ನಾಲ್ಕು ಸಾವಿರಕ್ಕೆ ಸಿಗುವುದರಿಂದ ಎಲ್ಲರಿಗೂ ಬರುವ ಯೋಚನೆ ಇದು. ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ 230 ವೋಲ್ಟನ್ನು 12ಕ್ಕೆ ಇಳಿಸಿ ಬ್ಯಾಟರಿ ತುಂಬಿ, ಮತ್ತೆ 230ಕ್ಕೆ ಏರಿಸಿ, ಮತ್ತೆ 24ಕ್ಕೆ ಇಳಿಸುವ ಸರ್ಕಸ್. ಅಗ್ಗದ ಯುಪಿಎಸ್‌ಗಳಲ್ಲಿ ಬ್ಯಾಟರಿಯ ಮೇಲೆ ಬರುವುದು ಚೌಕಾಕಾರದ ಅಲೆ. ಎಲ್ಲ ಎಸ್‌ಎಂಪಿಎಸ್‌ಗೂ ಅದು ಒಗ್ಗುವುದಿಲ್ಲ. ಫೌಂಡ್ರಿಯ ಕಪ್ಪು ಧೂಳು, ರೈಸ್ ಮಿಲ್‌ನ ತವುಡು ಅದರ ಜಾಲರಿಯೊಳಗೆ ತುಂಬಿಕೊಳ್ಳುತ್ತದೆ. ಇನ್ನೊಂದು ಅಪಾಯ: ಮೇನ್ ಆಫ್ ಮಾಡಿ ಪ್ಯಾನಲ್ ಬೋರ್ಡ್ ಬಾಗಿಲು ತೆಗೆದವನಿಗೆ ಒಳಗೆ ಯುಪಿಎಸ್‌ನ 230 ವೋಲ್ಟ್ ಜೀವಂತವಾಗಿರುವುದು ಗೊತ್ತಿರುವುದಿಲ್ಲ. ಹಾಕಲೇಬೇಕಾದರೆ ಬೋರ್ಡ್‌ನ ಹೊರಗೆ ಇಡಿ, ಬಾಗಿಲ ಮೇಲೆ ಕನ್ನಡದಲ್ಲಿ, ಹಿಂದಿಯಲ್ಲಿ ಎರಡರಲ್ಲೂ ಎಚ್ಚರಿಕೆ ಬರೆದು ಅಂಟಿಸಿ.

24 ವೋಲ್ಟ್‌ನದೇ ಡಿಸಿ ಯುಪಿಎಸ್: ಬ್ಯಾಟರಿಯೋ, ಸೂಪರ್‌ಕೆಪ್ಯಾಸಿಟರೋ

ಬ್ಯಾಚ್ ದಾಖಲೆ, ಟೆಸ್ಟ್ ರಿಪೋರ್ಟ್, ಗಿರಾಕಿಗೆ ತೋರಿಸಬೇಕಾದ ಲೆಕ್ಕ ಇವು ಪಿಸಿಯಲ್ಲಿ ಇದ್ದರೆ ಇಲ್ಲಿಗೇ ಬನ್ನಿ. ಎಸ್‌ಎಂಪಿಎಸ್‌ಗೂ ಪಿಸಿಗೂ ನಡುವೆ ಕೂರುವ ಪೆಟ್ಟಿಗೆ ಇದು. ಬೆಲೆ ಎಸ್‌ಎಂಪಿಎಸ್‌ನ ಹಲವು ಪಟ್ಟು. ಅದಕ್ಕೇ ಎರಡು ಬಗೆಯಲ್ಲಿ ಯಾವುದು ಎಂದು ನಿರ್ಧರಿಸುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ನಿಮ್ಮಲ್ಲಿ ಕರೆಂಟ್ ಹೋದರೆ ಜನರೇಟರ್ ಯಾರು ಹಚ್ಚುತ್ತಾರೆ?

ತಾನಾಗಿ ಹತ್ತಿಕೊಳ್ಳುವ ಡಿಜಿ (ಡೀಸೆಲ್ ಜನರೇಟರ್) ಇದ್ದರೆ ನಡುವಿನ ಕಂದಕ ಹತ್ತು-ಇಪ್ಪತ್ತು ಸೆಕೆಂಡ್. ಅದನ್ನು ದಾಟಿಸಲು ಸೂಪರ್‌ಕೆಪ್ಯಾಸಿಟರ್ (ಸ್ವಲ್ಪ ಹೊತ್ತಿಗಾಗುವಷ್ಟು ಕರೆಂಟ್ ಹಿಡಿದಿಡುವ ದೊಡ್ಡ ಕೆಪ್ಯಾಸಿಟರ್) ಸಾಕು. 40 ವಾಟ್‌ನ ಪಿಸಿಯನ್ನು ಒಂದು ನಿಮಿಷ ನಡೆಸಲು ಬೇಕಾದದ್ದು 2400 ಜೌಲ್. ವಿಂಡೋಸ್ ಮರ್ಯಾದೆಯಿಂದ ಮುಚ್ಚಿಕೊಳ್ಳಲೂ ಸಾಮಾನ್ಯವಾಗಿ ಅಷ್ಟು ಹೊತ್ತು ಸಾಲುತ್ತದೆ. ಬ್ಯಾಟರಿಯ ಹಾಗೆ ಎರಡು-ಮೂರು ವರ್ಷಕ್ಕೊಮ್ಮೆ ಬದಲಿಸುವ ರಗಳೆ ಇಲ್ಲ.

ವಾಚ್‌ಮನ್ ಎದ್ದು ಹೋಗಿ ಡಿಜಿ ಹಚ್ಚಿ, ಚೇಂಜ್‌ಓವರ್ ಸ್ವಿಚ್ ತಿರುಗಿಸಬೇಕು ಎಂದರೆ ಐದು ನಿಮಿಷ ಹಿಡಿಯಿರಿ. ಅಲ್ಲಿಗೆ ಬ್ಯಾಟರಿ. 12 ವೋಲ್ಟ್‌ನ ಎರಡು ಸಣ್ಣ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದರೆ 24. ಹತ್ತು ನಿಮಿಷಕ್ಕೆ 1.2 ಎಎಚ್ (ಆಂಪಿಯರ್-ಅವರ್) ಅಳತೆಯವೇ ಸಾಕು, 7 ಎಎಚ್ ಹಾಕಿದರೆ ಗಂಟೆಗಟ್ಟಲೆ. ಆದರೆ ಈ ಬ್ಯಾಟರಿಗೂ ಹತ್ತು ಡಿಗ್ರಿಯ ಅದೇ ಶಾಪ ಇದೆ, ಬಿಸಿ ಏರಿದಷ್ಟೂ ಆಯುಷ್ಯ ಇಳಿಯುತ್ತದೆ. ಬೋರ್ಡ್‌ನ ತಳದಲ್ಲಿ, ತಣ್ಣಗಿರುವ ಮೂಲೆಯಲ್ಲಿ ಇಡಿ, ಹಾಕಿದ ತಾರೀಖನ್ನು ಅದರ ಮೇಲೇ ಬರೆಯಿರಿ.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಕರೆಂಟ್ ಹೋಗಿದೆ ಎಂದು ಪಿಸಿಗೆ ಯಾರು ಹೇಳಬೇಕು? ಯುಪಿಎಸ್‌ನಲ್ಲಿ ಒಂದು ರಿಲೇ ಕಾಂಟ್ಯಾಕ್ಟ್ ಅಥವಾ ಯುಎಸ್‌ಬಿ ಇರುತ್ತದೆ. ಅದನ್ನು ಪಿಸಿಗೋ ಪಿಎಲ್‌ಸಿಗೋ ಜೋಡಿಸಿ, ಶಟ್‌ಡೌನ್ ಆಗುವ ಹಾಗೆ ಮಾಡದೆ ಬಿಟ್ಟರೆ ಆ ಪೆಟ್ಟಿಗೆ ಸಾವನ್ನು ಹತ್ತು ನಿಮಿಷ ಮುಂದೂಡಿತು, ಅಷ್ಟೆ.

ಜೋಡಿಸಿದವರಿಗೂ ಒಂದು ಬಲೆ ಕಾದಿರುತ್ತದೆ. ಪಿಸಿ ಶಟ್‌ಡೌನ್ ಆಯಿತು. ಬ್ಯಾಟರಿ ಖಾಲಿಯಾಗುವ ಮೊದಲೇ ಮೇನ್ ಬಂತು. ಪಿಸಿಯ ಪಾಲಿಗೆ 24 ವೋಲ್ಟ್ ಹೋಗಲೇ ಇಲ್ಲವಲ್ಲ, ಅದು ಮತ್ತೆ ಏಳುವುದಿಲ್ಲ. ಆಪರೇಟರ್ ಬಂದು ಕಪ್ಪು ಸ್ಕ್ರೀನ್ ನೋಡಿ, ಬಟನ್ ಹುಡುಕಿ ಸಿಗದೆ, ಬೋರ್ಡ್ ಒಳಗಿನ ಎಂಸಿಬಿ ಆಚೀಚೆ ಮಾಡುತ್ತಾನೆ. ಇದಕ್ಕೆ ಶಟ್‌ಡೌನ್ ಆದ ಮೇಲೆ ಒಂದೆರಡು ನಿಮಿಷಕ್ಕೆ ಔಟ್‌ಪುಟ್ಟನ್ನು ತಾನೇ ಕತ್ತರಿಸಿ ಮತ್ತೆ ಕೊಡುವ ಟೈಮರ್ ಇರುವ ಮಾಡೆಲ್ ಕೇಳಿ ತೆಗೆದುಕೊಳ್ಳಿ, ಪಿಸಿಯ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್) ‘ಕರೆಂಟ್ ಬಂದರೆ ಆನ್ ಆಗು’ ಎಂಬುದನ್ನು ಆರಿಸಿಡಿ.

ಇಷ್ಟು ಖರ್ಚು ಬೇಡವೆನ್ನುವವರಿಗೆ ಬಡವರ ಯುಪಿಎಸ್ ಒಂದಿದೆ. ವಿಂಡೋಸ್ ಐಓಟಿ ಎಂಟರ್‌ಪ್ರೈಸ್ ಎಂಬ ಆವೃತ್ತಿಯಲ್ಲಿ ಯುನಿಫೈಡ್ ರೈಟ್ ಫಿಲ್ಟರ್ ಎಂಬ ಸೌಲಭ್ಯ ಇದೆ. ಅದನ್ನು ಚಾಲೂ ಮಾಡಿದರೆ ಸಿ ಡ್ರೈವ್‌ಗೆ ಬರೆಯುವುದೆಲ್ಲ ಡಿಸ್ಕ್ ಮುಟ್ಟದೆ ಪಕ್ಕದಲ್ಲೇ ನಿಲ್ಲುತ್ತದೆ. ಕರೆಂಟ್ ಹೋಗಿ ಬಂದರೆ ವಿಂಡೋಸ್ ನಿನ್ನೆ ಇದ್ದ ಹಾಗೇ ಎದ್ದೇಳುತ್ತದೆ. ದಾಖಲೆಗಳನ್ನು ಬೇರೆ ಡ್ರೈವ್‌ಗೋ ಸರ್ವರ್‌ಗೋ ಕಳಿಸಬೇಕು. ಬರೀ ಬಟನ್ ಒತ್ತಲು, ಗೇಜ್ ನೋಡಲು ಇರುವ ಪಿಸಿಗೆ ಎಸ್‌ಎಂಪಿಎಸ್ ಜೊತೆ ಇದಿದ್ದರೆ ಯುಪಿಎಸ್‌ಗೆ ದುಡ್ಡು ಸುರಿಯುವುದು ಬೇಡ.

ಪಿಓಇ

ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್. 2009ರ 802.3ಎಟಿ ಎಂಬ ಮಾನದಂಡದ ನೆಟ್‌ವರ್ಕ್ ಸ್ವಿಚ್‌ನಿಂದ ಪಿಸಿಗೆ ತಲುಪುವುದು 25.5 ವಾಟ್, 2018ರ 802.3ಬಿಟಿಯಲ್ಲಿ 51, ಮೇಲಿನ ದರ್ಜೆಯಲ್ಲಿ 71. ಹತ್ತು ಇಂಚಿನ ಸಣ್ಣ ಪಿಸಿಗಳನ್ನು ಗೋದಾಮಿನಲ್ಲಿ, ಅಸೆಂಬ್ಲಿ ಲೈನ್‌ನಲ್ಲಿ ಸಾಲಾಗಿ ಹತ್ತು ಕಡೆ ಹಾಕುವುದಿದ್ದರೆ ಇದಕ್ಕಿಂತ ಚೆಂದದ್ದು ಇಲ್ಲ. ಎಲ್ಲಕ್ಕೂ ಸೇರಿ ಸ್ವಿಚ್ ಹತ್ತಿರ ಒಂದೇ ಯುಪಿಎಸ್, 100 ಮೀಟರ್‌ವರೆಗೆ ಎಲೆಕ್ಟ್ರಿಷಿಯನ್ ಕೆಲಸವೇ ಇಲ್ಲ. ಒಂದೇ ಪಿಸಿಗಾದರೆ ದುಬಾರಿ. ಪಿಸಿಯಲ್ಲೇ ಪಿಓಇ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ, ಎಲ್ಲದರಲ್ಲೂ ಇರುವುದಿಲ್ಲ.

ಯಾವುದೇ ಆರಿಸಿದರೂ, ಕೈಯಿಡುವಾಗ

ಮೇನ್ ಐಸೊಲೇಟರ್ ಇಳಿಸಿ, ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲಿ ಇಟ್ಟುಕೊಂಡೇ ಬಾಗಿಲು ತೆಗೆಯಿರಿ. ಪಿಸಿಯದು 24 ವೋಲ್ಟ್ ಇರಬಹುದು, ಅದರ ಪಕ್ಕದಲ್ಲೇ 415 ಇದೆ. ಡ್ರೈವ್ ಇದ್ದರೆ ಅದರ ಮೇಲೆ ಬರೆದಿರುವಷ್ಟು ನಿಮಿಷ ಕಾಯಲೇಬೇಕು. ಒಳಗಿನ ಕೆಪ್ಯಾಸಿಟರ್ ಮೇನ್ ಹೋದ ತಕ್ಷಣ ಖಾಲಿಯಾಗುವುದಿಲ್ಲ.

ಪಿಸಿಯ ಹಸಿರು ಕನೆಕ್ಟರ್‌ನಲ್ಲಿ ಮೂರು ಗುರುತು: ಪ್ಲಸ್, ಮೈನಸ್, ಅರ್ಥ್. ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ತಂತಿಯ ಬಣ್ಣ ನಂಬಬೇಡಿ. ಕನೆಕ್ಟರ್ ಪಿಸಿಗೆ ಸಿಕ್ಕಿಸದೆ, ಸಪ್ಲೈ ಆನ್ ಮಾಡಿ, ಮೀಟರ್‌ನಲ್ಲಿ ನೋಡಿ, ಆಫ್ ಮಾಡಿ, ಆಮೇಲೆ ಸಿಕ್ಕಿಸಿ. ತಂತಿಯ ತುದಿಗೆ ಪಿನ್ ಲಗ್ (ಎಳೆಗಳನ್ನು ಹಿಡಿದಿಡುವ ಲೋಹದ ತುದಿ) ಒತ್ತಿ. ಬರೀ ಎಳೆಗಳನ್ನು ತಿರುಚಿ ತುರುಕಿದರೆ ಮಷೀನಿನ ನಡುಕಕ್ಕೆ ಸಡಿಲವಾಗುತ್ತದೆ. ಅರ್ಥ್ ತಂತಿ ಗಿಡ್ಡ, ದಪ್ಪ ಇರಲಿ, ಬಣ್ಣ ಕೆರೆದ ಲೋಹದ ಮೈಗೆ ಬೋಲ್ಟ್ ಆಗಲಿ. ಅದನ್ನು ಮೈನಸ್ ಜೊತೆ ಅಲ್ಲೇ ತಿರುಚಿ ಸೇರಿಸುವ ಅಭ್ಯಾಸ ಬಿಡಿ.

ಪಿಸಿಯ ಬೆನ್ನಿನ ನಾಲ್ಕು ತೂತಿಗೆ ಬರುವುದು ಎಂ4 ಸ್ಕ್ರೂ. ಕೈಗೆ ಸಿಕ್ಕ ಉದ್ದದ್ದನ್ನು ತಿರುಗಿಸಿದರೆ ಅದು ಒಳಗಿನ ಬೋರ್ಡ್‌ಗೇ ಚುಚ್ಚಿಕೊಳ್ಳುತ್ತದೆ. ಐಪಿ65 (ಧೂಳು, ನೀರು ತಡೆಯುವ ದರ್ಜೆ) ಎಂದರೆ ಮುಂಭಾಗ ಮಾತ್ರ ಎಂಬುದು ನೆನಪಿರಲಿ. ಬೆನ್ನಿಗೆ ಕೂಲಂಟ್ ತಾಗಿದರೆ ಮುಗಿಯಿತು. ಮುಂದಿನ ರಬ್ಬರ್ ಸಮನಾಗಿ ಕೂರಬೇಕಾದರೆ ಕ್ಲ್ಯಾಂಪ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಲಾರಿ ಚಕ್ರದ ನಟ್ ಬಿಗಿಯುವ ಹಾಗೆ.

ಬೇಸಿಗೆಯ ಒಣ ಹವೆಯಲ್ಲಿ ಮುಚ್ಚಳ ತೆಗೆಯುವ ಮೊದಲು ಅರ್ಥ್ ಆಗಿರುವ ಲೋಹ ಮುಟ್ಟಿ. ನಮ್ಮ ಬೆರಳಿಗೆ ಚುರ್ ಎನ್ನಬೇಕಾದರೇ ಮೂರು ಸಾವಿರ ವೋಲ್ಟ್ ಆಸುಪಾಸು ಇರಬೇಕು. ಚಿಪ್ ಸಾಯಲು ಅಷ್ಟು ಬೇಡ. ಕಂಪ್ರೆಸರ್ ಗಾಳಿ ಹೊಡೆದು ಧೂಳು ತೆಗೆಯುವುದನ್ನು ಎಲ್ಲ ಕಡೆ ನೋಡುತ್ತೇನೆ. ಆ ಗಾಳಿಯಲ್ಲಿ ನೀರು, ಎಣ್ಣೆ ಎರಡೂ ಇವೆ. ಬೆಳಗಾವಿಯ ಉದ್ಯಮಬಾಗ್‌ನಂಥ ಕಡೆ ಬೀಡುಕಬ್ಬಿಣದ ಪುಡಿ ಕರೆಂಟ್ ಹರಿಸುವ ಪುಡಿ, ಗಾಳಿ ಹೊಡೆದರೆ ಅದು ಇನ್ನೂ ಒಳಗೆ ಹೋಗುತ್ತದೆ. ಬ್ರಷ್ ಹಿಡಿಯಿರಿ. ಸ್ಕ್ರೀನ್‌ಗೆ ಥಿನ್ನರ್ ಬೇಡ, ಒದ್ದೆ ಬಟ್ಟೆ ಸಾಕು.

ಮಷೀನಿನ ಮೈಗೆ ವೆಲ್ಡಿಂಗ್ ಮಾಡುವ ದಿನ ಪಿಸಿಯ ಎಲ್ಲ ಕೇಬಲ್ ಕಿತ್ತಿಡಿ, ಅರ್ಥ್ ಮತ್ತು ನೆಟ್‌ವರ್ಕ್ ಸೇರಿ. ನೂರಾರು ಆಂಪಿಯರ್ ವಾಪಸ್ ಹೋಗಲು ದಾರಿ ಹುಡುಕುತ್ತಿರುತ್ತದೆ. ವೆಲ್ಡರ್‌ಗೆ ತನ್ನ ವಾಪಸ್ ಕೇಬಲ್‌ನ ಕ್ಲ್ಯಾಂಪನ್ನು ಬೆಸುಗೆಯ ಹತ್ತಿರವೇ ಹಾಕಲು ಹೇಳಿ, ಮಷೀನಿನ ಇನ್ನೊಂದು ತುದಿಗಲ್ಲ.

ಎಲ್ಲ ಮುಗಿದ ಮೇಲೆ ಬಿಲ್ ಕೊಡುವ ಮುನ್ನ ನಾನು ಮಾಡುವುದು ಒಂದು ಪರೀಕ್ಷೆ. ಮಷೀನ್ ಓಡುತ್ತಿರುವಾಗಲೇ, ಒಂದು ಸುತ್ತು ಮುಗಿದು ಕೈಯೆಲ್ಲ ಹೊರಗಿರುವ ಹೊತ್ತು ನೋಡಿ, ಮೇನ್ ಇಳಿಸುತ್ತೇನೆ. ಎರಡು ನಿಮಿಷ ಬಿಟ್ಟು ಏರಿಸುತ್ತೇನೆ. ಹೀಗೆ ಐದು ಸಲ, ಒಮ್ಮೆ ಬರೀ ಐದು ಸೆಕೆಂಡಿಗೆ, ಒಮ್ಮೆ ಪಿಸಿ ಶಟ್‌ಡೌನ್ ಆಗುತ್ತಿರುವ ನಡುವೆಯೇ. ಮಾಲೀಕರು ಪಕ್ಕದಲ್ಲಿ ನಿಂತು, “ಹೊಸದು ಸಾರ್, ಯಾಕೆ ಹಿಂಸೆ ಕೊಡ್ತೀರಾ” ಅನ್ನುತ್ತಾರೆ. ಮೇ ತಿಂಗಳ ಗಾಳಿಮಳೆಯಲ್ಲಿ ಲೈನ್ ಹತ್ತು ಸಲ ಹೋಗಿ ಬರುತ್ತದಲ್ಲ, ಆಗ ನಾನು ಪಕ್ಕದಲ್ಲಿ ಇರುವುದಿಲ್ಲ ಎನ್ನುತ್ತೇನೆ.